ನಿಮಗಿದು ಗೊತ್ತೆ? ನಂಜನಗೂಡಿನ ಇಬ್ಬರು ಮೊದಲಿಗರು

ನಂಜನಗೂಡು ಎಂದೊಡನೆ ನಂಜುಂಡೇಶ್ವರ, ರಸಬಾಳೆ, ಹಲ್ಲುಪುಡಿ ನೆನಪಾಗುತ್ತವೆ. ಕನ್ನಡದ ಮೊದಲ ಕಾದಂಬರಿಕಾರ್ತಿ ಎಂದು ಹೆಸರಾದವರು ಹುಟ್ಟಿದ್ದೂ ಇದೇ ಊರಿನಲ್ಲಿ! 1887ರಲ್ಲಿ ಜನಿಸಿದ ತಿರುಮಲಾಂಬ ಬಾಲವಿಧವೆ. ವಿಧವೆಯರು ಮನೆಯ ಮೂಲೆ ಸೇರಬೇಕಿದ್ದ ಆ ಕಾಲದಲ್ಲಿ, 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿ ‘ಸುಶೀಲೆ’ ಕಾದಂಬರಿಯನ್ನು ಹೊರತಂದರು. ಮುಂದೆ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆಯನ್ನೂ ನಡೆಸಿದರು. ಬರೆಯುವವರೂ ಅವರೇ, ಸಂಪಾದಕರೂ ಅವರೇ, ಪ್ರಕಾಶಕರೂ ಅವರೇ. ಇಷ್ಟೆಲ್ಲ ಮಾಡಿದವರನ್ನು ಸಾಹಿತ್ಯಲೋಕ ದಶಕಗಳ ಕಾಲ ಮರೆತೇಬಿಟ್ಟಿತ್ತು ಎಂಬುದು ಬೇಸರದ ಸಂಗತಿ.

1922ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದವರು. ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಪಿಎಚ್.ಡಿ. ಮುಗಿಸಿ ಮರಳಿದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಬೋಧಕ ವರ್ಗ ಸೇರಿದರು. ಅಲ್ಲಿನ ಮೊದಲ ಮಹಿಳಾ ಎಂಜಿನಿಯರ್ ಎನಿಸಿದರು. ಪತಿ ಶಿಶಿರ್ ಕುಮಾರ್ ಚಟರ್ಜಿ ಜೊತೆಗೂಡಿ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯ ಕಟ್ಟಿದರು. ರಾಡಾರ್‌ಗೆ ಬೇಕಾದ ವಿದ್ಯೆ ಅದು.

ರಾಜೇಶ್ವರಿ ನಿವೃತ್ತರಾದದ್ದು 1982ರಲ್ಲಿ. ತಿರುಮಲಾಂಬ ತೀರಿಕೊಂಡದ್ದೂ ಅದೇ ವರ್ಷ.