ಆಲ್ಬಿಡೊ ಕಣಗಳು

ಭೂಮಿಯ ವಾಯುಮಂಡಲದಿಂದ ಮೇಲ್ಮುಖವಾಗಿ ಹೊರಟು ಕೆಳಕಕ್ಷೆಯ ಉಪಗ್ರಹಗಳನ್ನು ತಲುಪುವ ಕಣಗಳನ್ನು ಆಲ್ಬಿಡೊ ಕಣಗಳು ಎನ್ನುತ್ತಾರೆ. ಮೇಲ್ಮೈಯೊಂದು ಬೆಳಕನ್ನು ಪ್ರತಿಫಲಿಸುವ ಪ್ರಮಾಣಕ್ಕೆ ಆಲ್ಬಿಡೊ ಎಂದು ಹೆಸರು. ಹೋಲಿಕೆ ಪೂರ್ತಿ ಸರಿಯಲ್ಲ: ಇಲ್ಲಿ ಹಿಂದಿರುಗುವುದು ಬಂದ ಕಣವಲ್ಲ, ಅದು ಹುಟ್ಟಿಸಿದ ಬೇರೆ ಕಣಗಳು. ದೂರದ ವಿಶ್ವಕಿರಣಗಳನ್ನು ಅಳೆಯುವ ಉಪಕರಣಗಳಿಗೆ ಇವು ದೊಡ್ಡ ತೊಡಕು.

ಉತ್ಪತ್ತಿ

ವಿಶ್ವಕಿರಣಗಳಲ್ಲಿ ಹೆಚ್ಚಿನವು ಪ್ರೋಟಾನ್‌ಗಳು. ಇವು ವಾಯುಮಂಡಲದ ಮೇಲ್ಪದರದ ಸಾರಜನಕ ಮತ್ತು ಆಮ್ಲಜನಕದ ನ್ಯೂಕ್ಲಿಯಸ್‌ಗಳಿಗೆ ಅಪ್ಪಳಿಸಿದಾಗ ಪಯಾನ್, ನ್ಯೂಟ್ರಾನ್ ಮುಂತಾದ ದ್ವಿತೀಯಕ ಕಣಗಳು ಉಂಟಾಗುತ್ತವೆ. ಪಯಾನ್‌ಗಳ ಕ್ಷಯದ ಫಲವಾಗಿ ಗಾಮಾ ಕಿರಣ, ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳು ಹೊಮ್ಮುತ್ತವೆ. ಬಹುಪಾಲು ಕೆಳಗೇ ಹೀರಲ್ಪಡುತ್ತವೆ. ಕೆಲವು ಮಾತ್ರ ಮೇಲಕ್ಕೆ ಪಾರಾಗುತ್ತವೆ. ಹೀಗೆ ಪಾರಾದ ನ್ಯೂಟ್ರಾನ್‌ಗಳಲ್ಲಿ ಕೆಲವು ದಾರಿಯಲ್ಲೇ ಕ್ಷಯಿಸಿ, ಒಳ ವ್ಯಾನ್ ಅಲೆನ್ ಪಟ್ಟಿಗೆ ಪ್ರೋಟಾನ್‌ಗಳನ್ನು ಒದಗಿಸುತ್ತವೆ.

ಪಾಸಿಟ್ರಾನ್‌ಗಳ ಆಧಿಕ್ಯ

1998ರ ಜೂನ್‌ನಲ್ಲಿ ಡಿಸ್ಕವರಿ ನೌಕೆಯಲ್ಲಿ ಹಾರಿದ ಆಲ್ಫಾ ಮ್ಯಾಗ್ನೆಟಿಕ್ ಸ್ಪೆಕ್ಟ್ರೋಮೀಟರ್ ಪ್ರತಿದ್ರವ್ಯವನ್ನು ಅರಸಲು ನಿರ್ಮಿಸಿದ ಉಪಕರಣ. ಭೂಕಾಂತೀಯ ಸಮಭಾಜಕದ ಬಳಿ, ಕಡಿಮೆ ಶಕ್ತಿಯ ವ್ಯಾಪ್ತಿಯಲ್ಲಿ, ಎಲೆಕ್ಟ್ರಾನ್‌ಗಳ ಸುಮಾರು ನಾಲ್ಕು ಪಟ್ಟು ಪಾಸಿಟ್ರಾನ್‌ಗಳು ಅದರಲ್ಲಿ ದಾಖಲಾದವು. ವಿಶ್ವಕಿರಣಗಳಲ್ಲಿ ಇರುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಎಲೆಕ್ಟ್ರಾನ್‌ಗಳೇ ಹೆಚ್ಚು. ಈ ಆಧಿಕ್ಯದ ಮೂಲ ವಾಯುಮಂಡಲ. ಸಮಭಾಜಕದ ಬಳಿ ಪ್ರೋಟಾನ್‌ಗಳು ಹೆಚ್ಚಾಗಿ ಪಶ್ಚಿಮದಿಂದ ಬರುವುದರಿಂದ ಅವುಗಳ ದ್ವಿತೀಯಕ ಕಣಗಳೂ ಪೂರ್ವದತ್ತ ಸಾಗುತ್ತವೆ. ಹಾಗೆ ಸಾಗುವ ಪಾಸಿಟ್ರಾನನ್ನು ಭೂಕಾಂತಕ್ಷೇತ್ರ ಮೇಲಕ್ಕೆ ಬಾಗಿಸುತ್ತದೆ, ಎಲೆಕ್ಟ್ರಾನನ್ನು ಕೆಳಕ್ಕೆ.

ಬೇರ್ಪಡಿಸುವಿಕೆ

ಉಪಕರಣದ ಮೇಲಿನ ಮತ್ತು ಕೆಳಗಿನ ಪದರಗಳಲ್ಲಿ ಯಾವುದನ್ನು ಕಣ ಮೊದಲು ಹಾಯಿತು ಎಂಬುದರಿಂದ ಅದರ ದಿಕ್ಕು ತಿಳಿಯುತ್ತದೆ. ಬೆಳಕಿನ ವೇಗದ ಕಣ ಒಂದು ಮೀಟರ್ ಸಾಗಲು ತೆಗೆದುಕೊಳ್ಳುವುದು ಕೇವಲ 3.3 ನ್ಯಾನೊಸೆಕೆಂಡ್, ಆದ್ದರಿಂದ ಅತಿ ಸೂಕ್ಷ್ಮವಾದ ಕಾಲಮಾಪನ ಅಗತ್ಯ. ಆದರೆ ಮೇಲೆದ್ದು, ಕಾಂತಕ್ಷೇತ್ರದಲ್ಲಿ ಬಾಗಿ ಮತ್ತೆ ಮೇಲಿನಿಂದಲೇ ಇಳಿಯುವ ಕಣಗಳ ಮುಂದೆ ಈ ಉಪಾಯ ನಡೆಯದು. ಭೂಕಾಂತೀಯ ಸಮಭಾಜಕದಲ್ಲಿ ನೇರವಾಗಿ ಮೇಲಿನಿಂದ ಬರುವ ಪ್ರೋಟಾನ್‌ಗೆ ಸುಮಾರು 15 ಗಿಗಾ ಎಲೆಕ್ಟ್ರಾನ್‌ವೋಲ್ಟ್‌ನಷ್ಟು ಶಕ್ತಿ ಇಲ್ಲದಿದ್ದರೆ ಅದು ಹೊರಗಿನಿಂದ ಬಂದಿರಲಾರದು. ಸಂದೇಹವಿದ್ದಲ್ಲಿ ಕಣದ ಪಥವನ್ನು ಗಣಕದಲ್ಲಿ ಹಿಮ್ಮುಖವಾಗಿ ಲೆಕ್ಕಹಾಕುತ್ತಾರೆ. ಅದು ವಾಯುಮಂಡಲವನ್ನು ಮುಟ್ಟಿದರೆ ಕಣವನ್ನು ಕೈಬಿಡುತ್ತಾರೆ.

ಗಾಮಾ ಕಿರಣಗಳು ಬಾಗುವುದಿಲ್ಲವಾದ್ದರಿಂದ ಅಲ್ಲಿ ಕೆಲಸ ಸುಲಭ. 2008ರಲ್ಲಿ ಉಡಾವಣೆಗೊಂಡ ಫರ್ಮಿ ದೂರದರ್ಶಕಕ್ಕೆ ಭೂಮಿಯ ಅಂಚು ನೆತ್ತಿಯಿಂದ ಸುಮಾರು 113 ಡಿಗ್ರಿ ಕೋನದಲ್ಲಿ ಪ್ರಖರವಾಗಿ ಕಾಣುತ್ತದೆ. ಅದರ ಸಮೀಪದ ಕೋನಗಳಿಂದ ಬಂದ ದತ್ತಾಂಶವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹೀಗೆ ಬಿಟ್ಟ ಬೆಳಕಿನಿಂದಲೇ, ಅದನ್ನು ಹುಟ್ಟಿಸಿದ ವಿಶ್ವಕಿರಣ ಪ್ರೋಟಾನ್‌ಗಳ ಶಕ್ತಿಹಂಚಿಕೆಯನ್ನು ಫರ್ಮಿ ತಂಡ ಬಳಿಕ ಅಂದಾಜಿಸಿತು.