ಫಾರ್ಮಸಿ ವ್ಯಾಸಂಗದ ಉನ್ನತ ಪಾಠಗಳು: ಒಂದು ಚಾರಿತ್ರಿಕ ಪರಿಶೀಲನೆ

ಪಶ್ಚಿಮ ಬೆಂಗಳೂರಿನ ಮಾರೇನಹಳ್ಳಿ ಇಂದು ವಿಜಯನಗರದ ಬಡಾವಣೆಗಳೊಳಗೆ ಕರಗಿಹೋಗಿರುವ ಒಂದು ಹಳ್ಳಿಯ ಹೆಸರು. ಅಲ್ಲಿಗೆ ಸಮೀಪದಲ್ಲಿ, ವಿಜಯನಗರ ಕ್ಲಬ್ ರಸ್ತೆಯಲ್ಲಿ, ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನ ಕಚೇರಿಯಿದೆ. ರಾಜ್ಯದಲ್ಲಿ ಔಷಧಗಳನ್ನು ವಿತರಿಸಲು ಅಧಿಕಾರವುಳ್ಳವರ ನೋಂದಣಿ ಪುಸ್ತಕವು ಈ ಪರಿಷತ್ತಿನ ವಶದಲ್ಲಿರುವುದು. ಚರಿತ್ರೆಯ ಅಧ್ಯಾಪಕರಾದ ನಮಗೆ ಫಾರ್ಮಸಿಯಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಶಾಸನಗಳನ್ನೂ ಕಂದಾಯದ ಕಡತಗಳನ್ನೂ ಓದುವಂತೆಯೇ ಒಂದು ವೃತ್ತಿಯ ನೋಂದಣಿ ಪುಸ್ತಕವನ್ನೂ ಓದಬಹುದೆಂಬುದು ನಮ್ಮ ಉತ್ತರ. ಎರಡು ವರ್ಷದ ಡಿಪ್ಲೊಮಾ ಮುಗಿಸಿದವರು, ನಾಲ್ಕು ವರ್ಷ ಬಿ.ಫಾರ್ಮ್. ಓದಿದವರು, ಆರು ವರ್ಷ ಫಾರ್ಮ್.ಡಿ. ಓದಿದವರು, ಈ ಮೂವರೂ ಅಲ್ಲಿ 'ನೋಂದಾಯಿತ ಫಾರ್ಮಸಿಸ್ಟ್' ಎಂಬ ಒಂದೇ ಹೆಸರಿನಿಂದ ದಾಖಲಾಗುತ್ತಾರೆ. ಹಾಗಾದರೆ ಆ ಹೆಚ್ಚಿನ ವರ್ಷಗಳಲ್ಲಿ ಕಲಿಸುವುದೇನು? ಅದರಿಂದ ರೋಗಿಗೆ ಒದಗುವುದೇನು? ಇವೇ ಈ ಲೇಖನದ ಪ್ರಶ್ನೆಗಳು.

ನಮ್ಮ ದೇಶದಲ್ಲಿ ಈ ವೃತ್ತಿಗೆ ಶಾಸ್ತ್ರೀಯ ಶಿಕ್ಷಣ ದೊರೆತದ್ದು ತಡವಾಗಿ. ೧೯೩೦ರಲ್ಲಿ ನೇಮಕವಾದ, ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯ ಔಷಧ ವಿಚಾರಣಾ ಸಮಿತಿಯು ಮಾರುಕಟ್ಟೆಯಲ್ಲಿದ್ದ ಕಲಬೆರಕೆ ಔಷಧಗಳನ್ನೂ ತರಬೇತಿಯಿಲ್ಲದ ವಿತರಕರನ್ನೂ ಕುರಿತು ವರದಿ ಮಾಡಿತು. ೧೯೩೨ರಲ್ಲಿ ಮಹಾದೇವ ಲಾಲ್ ಶ್ರಾಫ್ ಅವರು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಔಷಧ ರಸಾಯನದ ಬೋಧನೆಯನ್ನು ಆರಂಭಿಸಿದರು. ೧೯೪೮ರಲ್ಲಿ ಫಾರ್ಮಸಿ ಅಧಿನಿಯಮ ಬಂದಿತು. ಈ ಅಧಿನಿಯಮದ ಒಂದು ಅಂಶ ಗಮನಾರ್ಹವಾದುದು. ಮೊದಲ ನೋಂದಣಿ ಪುಸ್ತಕವನ್ನು ಸಿದ್ಧಪಡಿಸುವಾಗ ಪದವಿಯಿಲ್ಲದಿದ್ದರೂ ಆಸ್ಪತ್ರೆಯಲ್ಲಿಯೋ ಔಷಧಾಲಯದಲ್ಲಿಯೋ ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ಔಷಧ ಕೂಡಿಸುವ ಕೆಲಸ ಮಾಡಿದವರಿಗೆ ಪ್ರವೇಶವಿತ್ತು. ನಮ್ಮ ಹಿರಿಯರು 'ಕಾಂಪೌಂಡರ್' ಎಂದು ಗೌರವದಿಂದ ಕರೆಯುತ್ತಿದ್ದ ಮನುಷ್ಯನಿಗೆ ಕಾನೂನು ಹೀಗೆ ಬಾಗಿಲು ತೆರೆದಿತ್ತು. ಆತ ಸೀಸೆಗೆ ಗುಟುಕಿನ ಗೆರೆಗಳ ಕಾಗದ ಅಂಟಿಸಿ ಮಿಶ್ರಣ ಕೊಡುತ್ತಿದ್ದ. ರೋಗಿಯ ಮನೆಯವರನ್ನೂ ಬಲ್ಲವನಾಗಿದ್ದ.

ಮುಂದೆ ಕಾರ್ಖಾನೆಯ ಮಾತ್ರೆಗಳು ಬಂದು ಕೂಡಿಸುವ ಕೆಲಸ ಕ್ಷೀಣಿಸಿತು. ಕರ್ನಾಟಕದಲ್ಲಿ ಮಣಿಪಾಲ (೧೯೬೩), ಮೈಸೂರಿನ ಜೆ.ಎಸ್.ಎಸ್. (೧೯೭೩) ಮೊದಲಾದ ಕಾಲೇಜುಗಳು ತಲೆಯೆತ್ತಿದವು. ಆದರೆ ಆ ಕಾಲದ ಬಿ.ಫಾರ್ಮ್. ಪಾಠಕ್ರಮ ಬಹುಮಟ್ಟಿಗೆ ಔಷಧ ತಯಾರಿಕೆಗೆ ಒಲಿದಿತ್ತು. ಮಾತ್ರೆಯನ್ನು ಒತ್ತುವ ಬಗೆ, ಶುದ್ಧತೆಯ ಪರೀಕ್ಷೆ, ಮೂಲವಸ್ತುವಿನ ರಸಾಯನ ಇವು ಅದರ ತಿರುಳು. ಮಾತ್ರೆ ನುಂಗಿದ ರೋಗಿಗೆ ಏನಾಯಿತೆಂಬುದು ವೈದ್ಯನ ಚಿಂತೆಯಾಗಿತ್ತೇ ಹೊರತು ಫಾರ್ಮಸಿಸ್ಟನದಲ್ಲ. ಈ ಕೊರತೆಯನ್ನು ತುಂಬುವ ಯತ್ನ ೧೯೯೦ರ ದಶಕದ ಉತ್ತರಾರ್ಧದಲ್ಲಿ ಜೆ.ಎಸ್.ಎಸ್. ಸಂಸ್ಥೆಯ ಉದಕಮಂಡಲ ಮತ್ತು ಮೈಸೂರಿನ ಕಾಲೇಜುಗಳಲ್ಲಿ, ಆಸ್ಟ್ರೇಲಿಯದ ಅಡಿಲೇಡಿನ ರಿಪಾಟ್ರಿಯೇಷನ್ ಜನರಲ್ ಆಸ್ಪತ್ರೆಯ ನೆರವಿನಿಂದ ನಡೆಯಿತು. ಸ್ನಾತಕೋತ್ತರ ವಿದ್ಯಾರ್ಥಿಗಳು ವಾರ್ಡುಗಳಲ್ಲಿ ನಿಂತು ಕಲಿಯತೊಡಗಿದರು. ಭಾರತೀಯ ಫಾರ್ಮಸಿ ಪರಿಷತ್ತು ೨೦೦೮ರ ನಿಯಮಾವಳಿಯಲ್ಲಿ ಫಾರ್ಮ್.ಡಿ. ಪದವಿಯನ್ನು ಅಖಿಲ ಭಾರತಕ್ಕೆ ವಿಧಿಸಿದ್ದು ಇದಾದ ಮೇಲೆ.

ಈ ಪದವಿಯ ಅವಧಿ ಐದು ವರ್ಷದ ವ್ಯಾಸಂಗ, ಒಂದು ವರ್ಷದ ಆಸ್ಪತ್ರೆ ತರಬೇತಿ. ಮೊದಲ ಮೂರು ವರ್ಷಗಳ ವಿಷಯಗಳು ಬಿ.ಫಾರ್ಮ್. ವಿಷಯಗಳಿಗೆ ಹತ್ತಿರವಾದವು, ಆದುದರಿಂದ ಬಿ.ಫಾರ್ಮ್. ಆದವರು ನೇರವಾಗಿ ನಾಲ್ಕನೆಯ ವರ್ಷಕ್ಕೆ ಸೇರಲು ಅವಕಾಶವಿದೆ. ನಿಜವಾದ ತಿರುವು ಅಲ್ಲಿಂದ ಮುಂದೆ. ನಾಲ್ಕನೆಯ ವರ್ಷದಲ್ಲಿ ಕ್ಲಿನಿಕಲ್ ಫಾರ್ಮಸಿ, ಆಸ್ಪತ್ರೆ ಫಾರ್ಮಸಿ, ಜೀವಸಂಖ್ಯಾಶಾಸ್ತ್ರ, ವಿಷವಿಜ್ಞಾನ, ದೇಹದಲ್ಲಿ ಔಷಧದ ಸಂಚಾರವನ್ನು ಲೆಕ್ಕಹಾಕುವ ಫಾರ್ಮಕೋಕೈನೆಟಿಕ್ಸ್ ಮೊದಲಾದವು ಬರುತ್ತವೆ. ಐದನೆಯ ವರ್ಷದಲ್ಲಿ ಔಷಧ ಪ್ರಯೋಗಗಳ ವಿಚಾರ, ಔಷಧದ ವೆಚ್ಚ ಹಾಗೂ ಫಲಗಳ ತುಲನೆ, ರಕ್ತದಲ್ಲಿನ ಔಷಧದ ಮಟ್ಟವನ್ನಳೆದು ಪ್ರಮಾಣ ನಿರ್ಧರಿಸುವ ವಿಧಾನ, ಆರು ತಿಂಗಳ ಯೋಜನಾ ಕಾರ್ಯ ಇವೆ. ಆರನೆಯ ವರ್ಷದಲ್ಲಿ ಆರು ತಿಂಗಳು ಸಾಮಾನ್ಯ ವೈದ್ಯ ವಿಭಾಗದಲ್ಲಿಯೂ, ಬೇರೆ ಮೂರು ವಿಭಾಗಗಳಲ್ಲಿ ಎರಡೆರಡು ತಿಂಗಳೂ ವಿದ್ಯಾರ್ಥಿಯು ಕೆಲಸ ಮಾಡತಕ್ಕದ್ದು. ಕಾಲೇಜಿಗೆ ಮುನ್ನೂರು ಹಾಸಿಗೆಗೆ ಕಡಿಮೆಯಿಲ್ಲದ ಆಸ್ಪತ್ರೆಯ ಸಂಬಂಧ ಇರಲೇಬೇಕೆಂಬ ನಿಬಂಧನೆ ಈ ಕಾರಣದಿಂದಲೇ ಬಂದಿದೆ.

ವಿಷಯಗಳ ಪಟ್ಟಿಯಿಂದ ಅರ್ಥ ಹೊಳೆಯದು. ಆದುದರಿಂದ ಒಂದು ಲೆಕ್ಕವನ್ನು ನೋಡೋಣ. ಗಣಿತಕ್ಕೆ ಅಂಜುವ ನಮ್ಮಂಥವರಿಗೂ ಇದು ಎಟುಕುವಂಥದು. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಎಂಬ ಔಷಧ ರಕ್ತದಲ್ಲಿ ಮಿಲಿಲೀಟರಿಗೆ ೧೦ರಿಂದ ೨೦ ಮೈಕ್ರೋಗ್ರಾಂವರೆಗೆ ಇದ್ದರೆ ಸಾಮಾನ್ಯವಾಗಿ ಹಿತ. ಅದಕ್ಕಿಂತ ಕೆಳಗಿಳಿದರೆ ಸೆಳವು ಮರುಕಳಿಸಬಹುದು. ಮೇಲೇರಿದರೆ ಕಣ್ಣುಗುಡ್ಡೆ ಅದುರುವುದು, ನಡಿಗೆ ತಡವರಿಸುವುದು. ಬಹುತೇಕ ಔಷಧಗಳಲ್ಲಿ ಪ್ರಮಾಣವನ್ನು ಇಮ್ಮಡಿಸಿದರೆ ರಕ್ತದ ಮಟ್ಟವೂ ಇಮ್ಮಡಿಯಾಗುತ್ತದೆ. ಫೆನಿಟಾಯಿನ್ ಹಾಗಲ್ಲ. ಅದನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವಕ್ಕೆ ಒಂದು ಮಿತಿಯಿದೆ. ಮಿತಿ ಸಮೀಪಿಸಿದಂತೆ ಔಷಧ ಹೊರಹೋಗದೆ ಶೇಖರವಾಗುತ್ತದೆ. ಕಿಣ್ವದ ಗರಿಷ್ಠ ಸಾಮರ್ಥ್ಯ ದಿನಕ್ಕೆ ೪೫೦ ಮಿಲಿಗ್ರಾಂ, ಆ ಸಾಮರ್ಥ್ಯದ ಅರ್ಧದಷ್ಟು ಕೆಲಸ ನಡೆಯುವ ರಕ್ತಮಟ್ಟ ೪ ಮೈಕ್ರೋಗ್ರಾಂ ಎಂದು ಭಾವಿಸೋಣ. ದಿನಕ್ಕೆ ೩೦೦ ಮಿಲಿಗ್ರಾಂ ಕೊಟ್ಟರೆ ಮಟ್ಟವು ೮ಕ್ಕೆ ನಿಲ್ಲುತ್ತದೆ. ೩೫೦ ಕೊಟ್ಟರೆ ೧೪. 'ಇನ್ನೂ ೫೦ ಸೇರಿಸಿದರೇನು' ಎಂದು ೪೦೦ ಕೊಟ್ಟರೆ ಮಟ್ಟ ೨೦ಕ್ಕೆ ಏರುವುದಲ್ಲ, ೩೨ಕ್ಕೆ ನೆಗೆಯುತ್ತದೆ. (ಸೋಡಿಯಂ ಲವಣಕ್ಕೆ ಮಾಡಬೇಕಾದ ಚಿಕ್ಕ ತಿದ್ದುಪಡಿಯನ್ನು ಇಲ್ಲಿ ಬಿಟ್ಟಿದ್ದೇವೆ.) ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯುಂಟು. ರಕ್ತದಲ್ಲಿರುವ ಈ ಔಷಧದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುವುದು. ಬಿಡಿಯಾಗಿರುವ ಉಳಿದ ಪಾಲೇ ಕೆಲಸ ಮಾಡುವುದು. ಪೋಷಣೆಯಿಲ್ಲದೆ ಆಲ್ಬುಮಿನ್ ಕುಗ್ಗಿದ ರೋಗಿಯಲ್ಲಿ ಪ್ರಯೋಗಶಾಲೆಯ ವರದಿ ಮಟ್ಟ ಕಡಿಮೆಯೆಂದು ಹೇಳಿದರೂ ಬಿಡಿ ಔಷಧ ಸಾಕಷ್ಟಿರಬಹುದು. ವರದಿಯ ಅಂಕಿಯನ್ನು ಮಾತ್ರ ನಂಬಿ ಪ್ರಮಾಣ ಏರಿಸಿದರೆ ಅಪಾಯ.

ಐದನೆಯ ವರ್ಷದ ವಿದ್ಯಾರ್ಥಿಗೆ ಕಲಿಸುವುದು ಈ ಬಗೆಯ ಎಚ್ಚರವನ್ನು. ಲೆಕ್ಕ ಬಂದರೆ ಸಾಲದು. ಹಾಸಿಗೆಯ ಬಳಿ ನಿಂತು, ರೋಗಿಯ ಮೂತ್ರಪಿಂಡ, ಯಕೃತ್ತು, ಆತ ನುಂಗುವ ಉಳಿದ ಮಾತ್ರೆಗಳು ಎಲ್ಲವನ್ನೂ ನೋಡಿ, ವೈದ್ಯನಿಗೆ ವಿನಯದಿಂದ ಹೇಳಲು ಬರಬೇಕು. ಹಾಗೆ ಹೇಳುವುದು ಲೆಕ್ಕಕ್ಕಿಂತ ಕಷ್ಟವೆಂದು ನಾವು ಊಹಿಸುತ್ತೇವೆ. ಔಷಧದ ಅಹಿತ ಪರಿಣಾಮಗಳನ್ನು ಗುರುತಿಸಿ ವರದಿ ಮಾಡುವುದೂ ಇದೇ ಶಿಕ್ಷಣದ ಭಾಗ. ೨೦೧೦ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ಸುರಕ್ಷಾ ನಿಗಾ ಕಾರ್ಯಕ್ರಮಕ್ಕೆ ಇಂತಹ ವರದಿಗಳೇ ಆಧಾರ.

ಈಗ ಮಾರೇನಹಳ್ಳಿಯ ಬೀದಿಗೆ ಮರಳೋಣ. ಮೇಲಿನ ರೋಗಿಯೇ ಆಸ್ಪತ್ರೆಯಿಂದ ಮನೆಗೆ ಬಂದನೆಂದು ಇಟ್ಟುಕೊಳ್ಳಿ. ತಿಂಗಳು ಕಳೆದ ಮೇಲೆ ಆತ ಮೆಡಿಕಲ್ ಅಂಗಡಿಯ ಮುಂದೆ ಚೀಟಿ ಹಿಡಿದು ನಿಲ್ಲುತ್ತಾನೆ. ಹಾಳೆಯ ಬೆನ್ನ ಮೇಲೆ ಪೆನ್ನಿನಿಂದ '೧–೦–೧' ಎಂದು ಬರೆದುಕೊಟ್ಟರೆ ವ್ಯವಹಾರ ಮುಗಿಯುತ್ತದೆ. ಒಂದು ಹೊತ್ತು ಮರೆತರೆ ಎರಡನ್ನು ಒಟ್ಟಿಗೆ ನುಂಗಬಾರದೆಂದು, ಸೆಳವು ನಿಂತಿತೆಂದು ತಾನೇ ಬಿಡಬಾರದೆಂದು, ನಡಿಗೆ ತಡವರಿಸಿದರೆ ಕೂಡಲೇ ವೈದ್ಯರನ್ನು ಕಾಣಬೇಕೆಂದು ಹೇಳುವವರು ಯಾರು? ೨೦೧೫ರ ಫಾರ್ಮಸಿ ವೃತ್ತಿ ನಿಯಮಾವಳಿಯು ಇದನ್ನೆಲ್ಲ ಫಾರ್ಮಸಿಸ್ಟನ ಕರ್ತವ್ಯವೆಂದು ಎಣಿಸಿದೆ. ಆದರೆ ಡಿಪ್ಲೊಮಾ ವ್ಯಾಸಂಗದ ಅಂತ್ಯದಲ್ಲಿ ವಿಧಿಸಿರುವ ಪ್ರಾಯೋಗಿಕ ತರಬೇತಿ ಐನೂರು ಗಂಟೆ, ಫಾರ್ಮ್.ಡಿ. ತರಬೇತಿಯಾದರೋ ಪೂರ್ತಿ ಒಂದು ವರ್ಷ. ಕರ್ತವ್ಯವು ಒಂದೇ, ಸಿದ್ಧತೆ ಬೇರೆ ಬೇರೆ.

ಡಿಪ್ಲೊಮಾದವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಇಪ್ಪತ್ತು ವರ್ಷ ಅದೇ ಅಂಗಡಿಯಲ್ಲಿ ನಿಂತು ಬೀದಿಯ ಪ್ರತಿಯೊಂದು ಮನೆಯ ಕಾಯಿಲೆಯನ್ನೂ ಬಲ್ಲವರು ಅವರಲ್ಲಿದ್ದಾರೆ. ಹಳೆಯ ಕಾಂಪೌಂಡರನ ಸದ್ಗುಣ ಅವರಲ್ಲಿ ಉಳಿದಿದೆ. ನಮ್ಮ ಆಕ್ಷೇಪ ವ್ಯವಸ್ಥೆಯನ್ನು ಕುರಿತದ್ದು. ಆರು ವರ್ಷ ಓದಿದವನಿಗೆ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟನ ಸ್ಥಾನ ದೊರೆಯದಿದ್ದರೆ ಆತ ಕಂಪೆನಿಗಳ ದತ್ತಾಂಶದ ಮೇಜಿಗೋ ಪರದೇಶಕ್ಕೋ ಹೋಗುತ್ತಾನೆ, ವಾರ್ಡಿಗೆ ಬರುವುದಿಲ್ಲ. ವಿಜಯನಗರದ ಪರಿಷತ್ತು ಔಷಧ ಮಾಹಿತಿ ಕೇಂದ್ರವೊಂದನ್ನು ಕಟ್ಟಿ ಬೆಳೆಸಿದೆ. ವೈದ್ಯರೂ ಫಾರ್ಮಸಿಸ್ಟರೂ ಸಂದೇಹ ಬಂದಾಗ ಕೇಳಬಹುದಾದ ಸ್ಥಳವದು. ಅದೇ ಪರಿಷತ್ತಿನ ನೋಂದಣಿ ಪುಸ್ತಕದಲ್ಲಿ ಹೆಸರಿನ ಎದುರಿಗಿರುವ ಅರ್ಹತೆಯ ಅಂಕಣಕ್ಕೆ ತಕ್ಕ ಹುದ್ದೆಯ ಅಂಕಣವೊಂದು ಆಸ್ಪತ್ರೆಗಳ ಸಿಬ್ಬಂದಿ ಪಟ್ಟಿಯಲ್ಲಿಯೂ ಇರಬೇಕು. ೧೯೪೮ರಲ್ಲಿ ಕಾಂಪೌಂಡರನಿಗೆ ಬಾಗಿಲು ತೆರೆದ ಕಾನೂನಿನ ಮಾತುಗಳು ಒಂದೆರಡು ಸಾಲಿನವು. ಇದಕ್ಕೂ ಅಷ್ಟೇ ಸಾಲುಗಳು ಸಾಕಾಗಬಹುದು.