ಬೆಳಕಿನ ಉಳಿ

ಪಾತ್ರೆಗಳ ಮೇಲೆ ಹೆಸರು ಕೊರೆಯಿಸುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ವಾಡಿಕೆ. ಮದುವೆಯಲ್ಲಿ ಉಡುಗೊರೆಯಾಗಿ ಬಂದ ತಂಬಿಗೆಯ ಕಂಠದಲ್ಲಿ ಕೊಟ್ಟವರ ಹೆಸರೂ ತಾರೀಖೂ ಇರುವುದನ್ನು ನೋಡದವರಾರು? ಪಾತ್ರೆಯಂಗಡಿಯ ಮುಂದೆ ಕುಳಿತ ಕಸಬುದಾರನು ಸಣ್ಣ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಆ ಅಕ್ಷರಗಳನ್ನು ಮೂಡಿಸುತ್ತಿದ್ದನು. ಆ ಕೆಲಸದ ಬಹುಭಾಗವನ್ನು ಈಗ ಲೇಸರ್ ಎಂಬ ಬೆಳಕು ವಹಿಸಿಕೊಂಡಿದೆ. ಆದರೆ ಉಳಿಗೂ ಬೆಳಕಿಗೂ ಒಂದು ಭೇದವುಂಟು. ಉಳಿಯು ತನಗಿಂತ ಮೃದುವಾದುದೆಲ್ಲವನ್ನೂ ಕೊರೆಯುವುದು. ಬೆಳಕಾದರೋ ತನಗೆ ಒಗ್ಗಿದ ವಸ್ತುವನ್ನು ಮಾತ್ರವೇ ಕೊರೆಯುವುದು.

ಇದನ್ನು ತಿಳಿಯದೆ ನಮ್ಮ ಬಂಧುಗಳ ಮಗನೊಬ್ಬನು ಕಷ್ಟಕ್ಕೆ ಸಿಕ್ಕಿದನು. ಅವನು ಸಾಲ ಮಾಡಿ ಒಂದು ಲೇಸರ್ ಯಂತ್ರವನ್ನು ಕೊಂಡು, ಮದುವೆಯೊಂದಕ್ಕೆ ನೂರು ಹಿತ್ತಾಳೆಯ ಬಟ್ಟಲುಗಳ ಮೇಲೆ ಹೆಸರು ಬರೆದುಕೊಡುವುದಾಗಿ ಒಪ್ಪಿಕೊಂಡನು. ಮರದ ಹಲಗೆಯ ಮೇಲೆ ಯಂತ್ರವು ಸೊಗಸಾಗಿ ಬರೆಯಿತು. ಬಟ್ಟಲಿನ ಮೇಲೆ ಗೆರೆಯೂ ಮೂಡಲಿಲ್ಲ. ಶಕ್ತಿ ಸಾಲದೆಂದು ಹೆಚ್ಚಿಸಿ ನೋಡಿದನು, ಫಲವಿಲ್ಲ. ಮುಂಗಡವನ್ನು ಹಿಂದಿರುಗಿಸಬೇಕಾಯಿತು. ಯಂತ್ರವೇನೂ ಕೆಟ್ಟಿರಲಿಲ್ಲ, ಆ ಬೆಳಕಿಗೂ ಹಿತ್ತಾಳೆಗೂ ಹೊಂದಿಕೆಯಿರಲಿಲ್ಲ, ಅಷ್ಟೆ.

ಇದರ ಕಾರಣವು ಸುಲಭವಾದುದು. ಬಿಸಿಲಿನಲ್ಲಿ ಕರಿಯ ಬಟ್ಟೆ ಬೇಗ ಕಾಯುವುದು, ಬಿಳಿಯ ಬಟ್ಟೆ ಅಷ್ಟಾಗಿ ಕಾಯದು. ಬೆಳಕು ವಸ್ತುವಿನಲ್ಲಿ ಹೀರಲ್ಪಟ್ಟರೇನೇ ಶಾಖವಾಗುವುದು. ಕನ್ನಡಿಯಿಂದ ಮರಳುವಂತೆ ಮರಳಿದರೆ, ಅಥವಾ ಗಾಜನ್ನು ದಾಟುವಂತೆ ದಾಟಿಹೋದರೆ, ಕೆಲಸ ನಡೆಯದು. ಯಾವ ವಸ್ತು ಯಾವ ಬೆಳಕನ್ನು ಹೀರುವುದೆಂಬುದು ಆ ಬೆಳಕಿನ ಅಲೆಯ ಉದ್ದವನ್ನು ಅನುಸರಿಸಿರುವುದು. ಈ ಉದ್ದವನ್ನು ಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಾದ ಮೈಕ್ರಾನಿನಿಂದ ಅಳೆಯುವರು. ನಮ್ಮ ಕಣ್ಣಿಗೆ ಕಾಣುವ ಬೆಳಕು ಸುಮಾರು 0.4ರಿಂದ 0.7 ಮೈಕ್ರಾನಿನವರೆಗಿನದು.

1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಎಂಬವರು ಮಾಣಿಕ್ಯದ ಕಡ್ಡಿಯಿಂದ ಮೊದಲನೆಯ ಲೇಸರನ್ನು ಹೊರಡಿಸಿದರು. 1964ರಲ್ಲಿ, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಕುಮಾರ್ ಪಟೇಲರು ಕಾರ್ಬನ್ ಡೈಆಕ್ಸೈಡ್ ಲೇಸರನ್ನು ಕಂಡುಹಿಡಿದರು. ನಮ್ಮ ಉಸಿರಿನಲ್ಲಿ ಹೊರಬೀಳುವ ಅನಿಲವೇ ಇಲ್ಲಿ ಬೆಳಕಿನ ಮೂಲ. ಇದರ ಅಲೆ 10.6 ಮೈಕ್ರಾನ್, ಕಣ್ಣಿಗೆ ಕಾಣದು. ಮರ, ಕಾಗದ, ಚರ್ಮ, ಆಕ್ರಿಲಿಕ್, ಗಾಜು, ಕಲ್ಲು ಇವೆಲ್ಲವೂ ಇದನ್ನು ಚೆನ್ನಾಗಿ ಹೀರುವುವು. ಹೊಳೆಯುವ ಲೋಹಗಳು ಬಹುಪಾಲನ್ನು ಹಿಂದಕ್ಕೆ ತಳ್ಳಿಬಿಡುವುವು. ನಮ್ಮ ಹುಡುಗನು ಕೊಂಡದ್ದು ಈ ಜಾತಿಯದು.

ಲೋಹಕ್ಕೆ ಬೇಕಾದುದು ಫೈಬರ್ ಲೇಸರ್. ಇಟರ್ಬಿಯಂ ಎಂಬ ಧಾತುವನ್ನು ಬೆರೆಸಿದ ಗಾಜಿನ ಎಳೆಯಲ್ಲಿ ಹುಟ್ಟುವ ಈ ಬೆಳಕಿನ ಅಲೆ ಸುಮಾರು 1.06 ಮೈಕ್ರಾನ್. ಉಕ್ಕು ಇದನ್ನು ಸಾಕಷ್ಟು ಹೀರುವುದು. ಹಿತ್ತಾಳೆಯೂ ಚಿನ್ನವೂ ಬಹುಪಾಲನ್ನು ಹಿಂದಿರುಗಿಸಿದರೂ, ಸೆಕೆಂಡಿನ ಕೋಟಿಯಲ್ಲೊಂದು ಪಾಲಿನಷ್ಟು ಅಲ್ಪಕಾಲದಲ್ಲಿ ಶಕ್ತಿಯೆಲ್ಲವೂ ಒಂದು ಬಿಂದುವಿನ ಮೇಲೆ ಬೀಳುವುದರಿಂದ ಮೇಲ್ಮೈ ಆವಿಯಾಗಿ ಗುರುತು ನಿಲ್ಲುವುದು. ಸ್ಟೀಲಿನ ಪಾತ್ರೆಯ ಮೇಲೆ ಇನ್ನೂ ಮೃದುವಾಗಿ ಕಾಯಿಸಿದರೆ, ಏನೂ ಕೆತ್ತಿಹೋಗದೆ ತೆಳುವಾದ ಕಪ್ಪು ಪೊರೆ ಮಾತ್ರ ಮೂಡುವುದು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಚಿನ್ನದ ಒಡವೆಗಳಿಗೆ ಕಡ್ಡಾಯವಾದ ಆರು ಅಕ್ಷರಾಂಕಗಳ ಗುರುತೂ ಲೇಸರಿನಿಂದಲೇ ಬರೆದುದು. ಗೃಹಿಣಿಯರು ಬೂದುಗಾಜಿನಿಂದ ಅದನ್ನು ನೋಡಿಕೊಳ್ಳಬಹುದು.

ಅಗ್ಗದ ಪುಟ್ಟ ಯಂತ್ರಗಳಲ್ಲಿ ಸಾಮಾನ್ಯವಾಗಿರುವುದು 0.45 ಮೈಕ್ರಾನಿನ ನೀಲಿ ಬೆಳಕು. ಮರಕ್ಕೂ ಚರ್ಮಕ್ಕೂ ಇದು ಒದಗುವುದು. ತಿಳಿಯಾದ ಆಕ್ರಿಲಿಕ್ಕನ್ನೂ ಗಾಜನ್ನೂ ಸುಮ್ಮನೆ ದಾಟಿಹೋಗುವುದು. 0.355 ಮೈಕ್ರಾನಿನ ಅತಿನೇರಳೆ ಬೆಳಕು ಹೆಚ್ಚು ಸುಡದೆ ಪ್ಲಾಸ್ಟಿಕ್ಕಿನ ಮೇಲೂ ಗಾಜಿನ ಮೇಲೂ ನವುರಾಗಿ ಬರೆಯುವುದಾದರೂ ಅದರ ಬೆಲೆ ಹೆಚ್ಚು.

ಇಷ್ಟರವರೆಗೆ ಹೇಳಿದುದರಲ್ಲಿ ತಪ್ಪಿದರೆ ಹಣ ಮಾತ್ರವೇ ನಷ್ಟ. ಇನ್ನೆರಡು ವಿಷಯಗಳಲ್ಲಿ ತಪ್ಪಿದರೆ ದೇಹಕ್ಕೇ ಹಾನಿ. ಮೊದಲನೆಯದು ಪಿವಿಸಿ. ಚರ್ಮದಂತೆ ತೋರುವ ರೆಕ್ಸಿನ್ ಅನೇಕ ವೇಳೆ ಪಿವಿಸಿ ಲೇಪಿಸಿದ ಬಟ್ಟೆ. ಅದನ್ನು ಯಾವ ಲೇಸರಿನಿಂದ ಸುಟ್ಟರೂ ಹೈಡ್ರೊಜನ್ ಕ್ಲೋರೈಡ್ ಎಂಬ ವಿಷಾನಿಲ ಹೊರಡುವುದು. ಅದು ಶ್ವಾಸಕೋಶವನ್ನೂ ಕೆಡಿಸುವುದು, ಯಂತ್ರವನ್ನೂ ತುಕ್ಕು ಹಿಡಿಸುವುದು. ಸಂದೇಹವಿದ್ದರೆ ಹೀಗೆ ಪರೀಕ್ಷಿಸಬಹುದು: ಬಯಲಿನಲ್ಲಿ, ತಾಮ್ರದ ತಂತಿಯನ್ನು ಇಕ್ಕಳದಿಂದ ಹಿಡಿದು ಕಾಯಿಸಿ, ವಸ್ತುವಿನ ಒಂದು ಚೂರಿಗೆ ತಾಕಿಸಿ, ಮತ್ತೆ ಉರಿಗೆ ಹಿಡಿಯಬೇಕು. ಉರಿ ಹಸುರಾದರೆ ಅದರಲ್ಲಿ ಕ್ಲೋರಿನ್ ಉಂಟೆಂದು ತಿಳಿದು ದೂರವಿಡತಕ್ಕದ್ದು.

ಎರಡನೆಯದು ಕಣ್ಣು. ಕಾರ್ಬನ್ ಡೈಆಕ್ಸೈಡ್ ಲೇಸರಿನ ಬೆಳಕು ಕಣ್ಣಿನ ಹೊರಪದರವನ್ನು ಸುಡುವುದು. ಫೈಬರ್ ಲೇಸರಿನದು ಹೊರಪದರವನ್ನು ದಾಟಿ, ಒಳಗಿನ ಅಕ್ಷಿಪಟದ ಮೇಲೆ ಕೇಂದ್ರೀಕರಿಸಿ, ಕಾಣದೆಯೇ ಶಾಶ್ವತವಾಗಿ ಕುರುಡು ಮಾಡಬಲ್ಲುದು. ಒಂದು ಬೆಳಕನ್ನು ತಡೆಯುವ ಕನ್ನಡಕ ಇನ್ನೊಂದನ್ನು ತಡೆಯದು. ಆದುದರಿಂದ ಕನ್ನಡಕದ ಮೇಲೆ ಮುದ್ರಿಸಿರುವ ಅಲೆಯ ಉದ್ದವು ಯಂತ್ರದ ಅಲೆಯ ಉದ್ದಕ್ಕೆ ಸರಿಹೊಂದುವುದೇ ಎಂದು ನೋಡಿಯೇ ಧರಿಸಬೇಕು. ಮಕ್ಕಳಿರುವ ಮನೆಯಲ್ಲಿ ಮುಚ್ಚಳವಿಲ್ಲದ ಯಂತ್ರವನ್ನು ಇಡಲೇಬಾರದು.

ನಮ್ಮ ಹುಡುಗನು ಈಗ ಮರದ ನಾಮಫಲಕಗಳನ್ನೂ ಗಾಜಿನ ಸ್ಮರಣಿಕೆಗಳನ್ನೂ ಮಾಡಿಕೊಡುತ್ತ ಸಾಲವನ್ನು ಕಂತುಕಂತಾಗಿ ತೀರಿಸುತ್ತಿದ್ದಾನೆ. ಲೋಹದ ಕೆಲಸ ಬಂದರೆ ಫೈಬರ್ ಯಂತ್ರವಿರುವ ಸ್ನೇಹಿತನಲ್ಲಿಗೆ ಕಳುಹಿಸುತ್ತಾನೆ. ಇಂತಹ ಯಂತ್ರವನ್ನು ಕೊಳ್ಳಬೇಕೆಂದಿರುವವರಿಗೆ ಅವನು ಹೇಳುವುದು ಇಷ್ಟೆ: ಅಂಗಡಿಗೆ ಹೋಗುವಾಗ ನೀವು ಕೆಲಸ ಮಾಡಬೇಕೆಂದಿರುವ ವಸ್ತುವನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅದರ ಮೇಲೆ ಬರೆಸಿ ನೋಡಿ, ಅನಂತರ ಹಣವನ್ನು ಎಣಿಸಿರಿ.